ಜೀರ್ಣೋದ್ಧಾರವಾದ ಮೋಟಾರು

ಕಳೆದ ಕಾರ್ತೀಕ ಮಾಸದಲ್ಲಿ ಒಂದು ಬೆಳಗ್ಗೆ ನಾನು ಅಜ್ಜಂಪುರದ ನಮ್ಮ ಮನೆಯ ಜಗಲಿಯ ಮೇಲೆ ಕುಳಿತಿದ್ದಾಗ, ಕಡೂರಿನಿಂದ ನನ್ನ ಹಳೆಯ ಶಿಷ್ಯನೊಬ್ಬನು ಬಂದನು. ಓದುವಾಗ ಇವನು ಶಬ್ದರೂಪಗಳಲ್ಲಿ ಎಂದೂ ತಪ್ಪಿದವನಲ್ಲ; ಲೆಕ್ಕದಲ್ಲಿ ಮಾತ್ರ ಎಂದೂ ಸರಿಹೋದವನಲ್ಲ. ಈಗ ಕೊಬ್ಬರಿಯ ವ್ಯಾಪಾರದಿಂದ ಚೆನ್ನಾಗಿಯೇ ಇದ್ದಾನೆ. ನಾಲ್ಕು ಎಕರೆ ತೆಂಗಿನ ತೋಟವೂ ಇದೆ, ಇಬ್ಬರು ಹೆಣ್ಣುಮಕ್ಕಳೂ ಇದ್ದಾರೆ. ಬಂದವನೇ ನಮಸ್ಕಾರಮಾಡಿ, ಕೈಯಲ್ಲಿದ್ದ ಮೊಬೈಲನ್ನು ನನ್ನ ಕನ್ನಡಕದ ಹತ್ತಿರಕ್ಕೆ ಹಿಡಿದನು. ಅದರಲ್ಲಿ ಕೆಂಪು ಬಣ್ಣದ ಒಂದು ಪುಟ್ಟ ಮೋಟಾರಿನ ಚಿತ್ರವಿದ್ದಿತು. ಉದ್ದನೆಯ ಮೂತಿ, ಎರಡು ದೊಡ್ಡ ದೀಪಗಳು, ತಂತಿಯ ಕಡ್ಡಿಗಳುಳ್ಳ ಎತ್ತರದ ಚಕ್ರಗಳು. ಇಬ್ಬರಿಗೆ ಮಾತ್ರ ಸ್ಥಳ. ಮೇಲೆ ಚಾವಣಿಯೆಂಬುದೇ ಇಲ್ಲ. ಕೆಳಗೆ, “1948ರ ಎಂ.ಜಿ. ಟಿ.ಸಿ.; ಸಂಪೂರ್ಣ ಜೀರ್ಣೋದ್ಧಾರವಾಗಿದೆ; ಎಲ್ಲವೂ ಮೂಲದ್ದೇ; ಬೆಲೆ 30 ಲಕ್ಷ; ಸ್ಥಳ ತರೀಕೆರೆ” ಎಂದು ಬರೆದಿದ್ದಿತು.

“ಮೇಷ್ಟ್ರೇ, ಇದನ್ನು ಕೊಂಡುಕೊಳ್ಳಬೇಕೆಂದಿದ್ದೇನೆ. ತಾವೊಮ್ಮೆ ಬಂದು ನೋಡಬೇಕು” ಎಂದನು.

“ನಾನು ಅಜ್ಜಂಪುರದವನಪ್ಪ. ಅಮೃತಮಹಲ್ ಎತ್ತಿನ ಸುಳಿ ನೋಡು ಎಂದರೆ ನೋಡಿಯೇನು. ಮೋಟಾರಿನ ಸುಳಿ ನನಗೇನು ತಿಳಿದೀತು?”

“ಮೋಟಾರನ್ನು ನೋಡುವುದಕ್ಕೆ ಮೇಸ್ತ್ರಿ ಬರುತ್ತಾನೆ, ಮೇಷ್ಟ್ರೇ. ಕಾಗದಪತ್ರಗಳನ್ನು ಓದುವುದಕ್ಕೆ ತಾವು ಬೇಕು.”

ನಾನು ಒಪ್ಪಿದುದಕ್ಕೆ ಬೇರೊಂದು ಕಾರಣವಿದ್ದಿತು. ಹಿಂದಿನ ರಾತ್ರಿಯೇ ಅವನ ಹೆಂಡತಿ ಫೋನು ಮಾಡಿ, “ತೋಟದ ಮೇಲೆ ಸಾಲ ಎತ್ತುತ್ತಾರಂತೆ. ದೊಡ್ಡವಳಿಗೆ ಬರುವ ವರ್ಷ ಕಾಲೇಜು. ನಿಮ್ಮ ಮಾತೊಂದನ್ನೇ ಅವರು ಕೇಳುವುದು, ಮೇಷ್ಟ್ರೇ” ಎಂದು ಹೇಳಿದ್ದಳು. ಬೇಡವೆಂದು ಒಮ್ಮೆಗೇ ಹೇಳಿಬಿಟ್ಟರೆ ಅವನು ನನ್ನನ್ನು ಬಿಟ್ಟು ಹೋಗಿ ಕೊಂಡುಕೊಳ್ಳುವನೆಂಬುದು ನನಗೆ ಗೊತ್ತಿದ್ದಿತು.

ಈ ಗಾಡಿ ಯಾವುದು, ಇದಕ್ಕೆ ಇಷ್ಟು ಬೆಲೆ ಏಕೆ ಎಂಬುದನ್ನು ವಾಚಕರಿಗೆ ಮೊದಲು ತಿಳಿಸಬೇಕು. ಎಂ.ಜಿ. ಎಂದರೆ ಮಾರಿಸ್ ಗ್ಯಾರೇಜಸ್. ಇಂಗ್ಲೆಂಡಿನ ಆಕ್ಸ್‌ಫರ್ಡಿನಲ್ಲಿ ಬೈಸಿಕಲ್ ರಿಪೇರಿಯಿಂದ ಜೀವನವನ್ನಾರಂಭಿಸಿ, ಮುಂದೆ ಲಾರ್ಡ್ ನಫೀಲ್ಡ್ ಎಂಬ ಬಿರುದನ್ನು ಪಡೆದ ವಿಲಿಯಂ ಮಾರಿಸ್ ಎಂಬಾತನ ಅಂಗಡಿಯ ಹೆಸರು ಅದು. 1922ರಲ್ಲಿ ಅಲ್ಲಿ ವ್ಯವಸ್ಥಾಪಕನಾದ ಸೆಸಿಲ್ ಕಿಂಬರ್ ಎಂಬವನು ಮಾರಿಸ್ ಕಂಪೆನಿಯ ಸಾಧಾರಣ ಗಾಡಿಗಳ ಮೇಲೆ ಹಗುರವೂ ಅಂದವೂ ಆದ ಮೈಗಳನ್ನು ಕೂರಿಸಿ ಮಾರತೊಡಗಿದನು. ಯುವಕರಿಗೆ ಅವು ಹಿಡಿಸಿದವು. 1929ರಲ್ಲಿ ಕಾರ್ಖಾನೆಯು ಆಬಿಂಗ್ಡನ್ ಎಂಬ ಸಣ್ಣ ಊರಿಗೆ ಹೋಯಿತು. ಎರಡನೆಯ ಮಹಾಯುದ್ಧವು ಮುಗಿದ 1945ನೆಯ ವರ್ಷದಲ್ಲಿಯೇ ಅಲ್ಲಿಂದ ಟಿ.ಸಿ. ಎಂಬ ಈ ಗಾಡಿ ಹೊರಬಂದಿತು. ಕಿಂಬರನಿಗೆ ಅದನ್ನು ನೋಡುವ ಭಾಗ್ಯವಿರಲಿಲ್ಲ. ಆ ವರ್ಷದ ಫೆಬ್ರವರಿಯಲ್ಲಿ ಲಂಡನ್ನಿನ ಕಿಂಗ್ಸ್ ಕ್ರಾಸ್ ನಿಲ್ದಾಣದ ರೈಲು ಅಪಘಾತದಲ್ಲಿ ಅವನು ತೀರಿಕೊಂಡಿದ್ದನು. 1949ರವರೆಗೆ ಸುಮಾರು 10,000 ಟಿ.ಸಿ.ಗಳು ತಯಾರಾದುವು, ಅದರಲ್ಲಿ ಸುಮಾರು 2,000 ಅಮೆರಿಕಕ್ಕೆ ಹೋದುವು. ಎಂಜಿನ್ನು 1250 ಸಿ.ಸಿ.ಯದು, ಬಲ ಸುಮಾರು 54 ಅಶ್ವ. ಇಂದು ನಮ್ಮೂರ ಬಾಡಿಗೆ ಕಾರುಗಳಿಗೂ ಇದಕ್ಕಿಂತ ಹೆಚ್ಚು ಬಲವಿದೆ. ಆದರೆ ಬಲವನ್ನು ನೋಡಿ ಈ ಗಾಡಿಯನ್ನು ಯಾರೂ ಕೊಳ್ಳುವುದಿಲ್ಲ. ಆಬಿಂಗ್ಡನ್ ಕಾರ್ಖಾನೆಯು 1980ರಲ್ಲಿ ಮುಚ್ಚಿಹೋಯಿತು. ಹೆಸರು ಮಾತ್ರ ಕೈಯಿಂದ ಕೈಗೆ ಹೋಗಿ ಚೀನಾ ದೇಶದ ಸಂಸ್ಥೆಯೊಂದನ್ನು ಸೇರಿತು. ಗುಜರಾತಿನ ಹಾಲೋಲಿನಲ್ಲಿ ತಯಾರಾಗಿ 2019ರಿಂದ ನಮ್ಮ ದೇಶದಲ್ಲಿ ಮಾರಾಟವಾಗುತ್ತಿರುವ ಎಂ.ಜಿ. ಗಾಡಿಗಳಿಗೂ ಇದಕ್ಕೂ ಎಂಟು ಮೂಲೆಯ ಮುದ್ರೆಯೊಂದೇ ಸಂಬಂಧ.

ನಮ್ಮ ಸೀಮೆಗೆ ಇಂಥ ಗಾಡಿ ಹೇಗೆ ಬಂದಿತೆಂದು ಆಶ್ಚರ್ಯಪಡಬೇಕಾಗಿಲ್ಲ. ಚಿಕ್ಕಮಗಳೂರಿನ ಬೆಟ್ಟಗಳಲ್ಲಿ ಇಂಗ್ಲಿಷ್ ದೊರೆಗಳ ಕಾಫಿ ತೋಟಗಳಿದ್ದುವು. ಅವರು ರೈಲಿಗೆ ಬರಬೇಕಾದರೆ ಕಡೂರಿಗೋ ಬೀರೂರಿಗೋ ಇಳಿಯಬೇಕಾಗಿದ್ದಿತು. ಸ್ವಾತಂತ್ರ್ಯ ಬಂದಮೇಲೆ ಒಬ್ಬೊಬ್ಬರಾಗಿ ತೋಟಗಳನ್ನು ಮಾರಿ ಹೊರಟಾಗ ಗಾಡಿಗಳೂ ಇಲ್ಲಿಯೇ ಉಳಿದುವು. ಐವತ್ತರ ದಶಕದಿಂದ ವಿದೇಶದ ಮೋಟಾರುಗಳು ಒಳಕ್ಕೆ ಬರುವುದು ಬಹುಮಟ್ಟಿಗೆ ನಿಂತುಹೋದ ಕಾರಣ, ಇದ್ದುವೇ ಮನೆಯಿಂದ ಮನೆಗೆ ತಿರುಗಿದುವು.

ತರೀಕೆರೆಯ ಆ ಮನೆ ಹಳೆಯ ಅಡಕೆ ತೋಟದವರದು. ಬಾಗಿಲಿಗೆ ಬಂದವರು ಎಪ್ಪತ್ತೈದರ ಮುತ್ತಜ್ಜಿ. ಕಾಫಿ ಕೊಟ್ಟು, ಗಾಡಿಯ ಕಥೆಯನ್ನು ತಾವಾಗಿಯೇ ಹೇಳಿದರು. “ನಮ್ಮ ಮಾವನವರು 1957ರಲ್ಲಿ ಒಬ್ಬ ದೊರೆಯ ಹತ್ತಿರ ಕೊಂಡದ್ದು. ದೊರೆಗೆ ಹಡಗು ಹತ್ತುವ ಆತುರವಂತೆ. ಮದುವೆಯಾದಮೇಲೆ ನನ್ನನ್ನು ಬೀರೂರು ಸ್ಟೇಷನ್ನಿನಿಂದ ಈ ಗಾಡಿಯಲ್ಲಿಯೇ ಕರೆದುಕೊಂಡು ಬಂದರು. ಗಾಳಿಗೆ ಸೆರಗು ನಿಲ್ಲಲೊಲ್ಲದು; ಊರ ಜನವೆಲ್ಲ ನೋಡುವುದು. ಮನೆ ಮುಟ್ಟುವವರೆಗೆ ತಲೆ ಎತ್ತಲಿಲ್ಲ ನಾನು.” 1974ರ ಸುಮಾರಿಗೆ ಗಾಡಿ ನಿಂತುಹೋಗಿ ಕೊಟ್ಟಿಗೆಯನ್ನು ಸೇರಿತು. ಅದರ ಆಸನದಲ್ಲಿ ಕೋಳಿಗಳು ಮೊಟ್ಟೆಯಿಟ್ಟುವು. ಇವರ ಯಜಮಾನರು 2003ರಲ್ಲಿ ಅದನ್ನು ಹೊರಕ್ಕೆಳೆದು, ಹದಿಮೂರು ವರ್ಷ ಒಂದೊಂದೇ ಭಾಗವನ್ನು ಸರಿಮಾಡಿ, 2016ರಲ್ಲಿ ಮತ್ತೆ ಓಡಿಸಿದರು. ಈಗ ಅವರಿಲ್ಲ, ತೀರಿಕೊಂಡು ಮೂರು ವರ್ಷವಾಯಿತು. ಹಿರಿಯ ಮಗ ಕೆನಡಾದಲ್ಲಿ, ಕಿರಿಯವನು ಬೆಂಗಳೂರಿನಲ್ಲಿ. “ಮನೆ ಪಾಲಾಗಬೇಕು, ಮೇಷ್ಟ್ರೇ. ತೋಟವನ್ನು ಮೂರು ಮಾಡಬಹುದು. ಇದನ್ನು ಮೂರು ಮಾಡಲಾದೀತೇ?” ಎಂದು ಕೇಳಿದರು.

ಜಾಹೀರಾತಿನ ಮಾತುಗಳು ಇವರವಲ್ಲ. ಬೆಂಗಳೂರಿನ ಒಬ್ಬ ದಲ್ಲಾಳಿಯವು. “ಸಂಪೂರ್ಣ ಜೀರ್ಣೋದ್ಧಾರವಾಗಿದೆ, ಎಲ್ಲವೂ ಮೂಲದ್ದೇ” ಎಂಬುದನ್ನು ತರ್ಕಶಾಸ್ತ್ರದವರು ವದತೋವ್ಯಾಘಾತವೆನ್ನುತ್ತಾರೆ. ಆಡಿದ ಮಾತೇ ತನ್ನನ್ನು ತಾನು ಹೊಡೆಯುವುದು. ಎಲ್ಲವೂ ಮೂಲದ್ದೇ ಆಗಿದ್ದರೆ ಉದ್ಧಾರಮಾಡಿದುದು ಏನನ್ನು? ದೇವಾಲಯದ ಜೀರ್ಣೋದ್ಧಾರವನ್ನು ನೋಡಿದವರಿಗೆ ಇದು ಚೆನ್ನಾಗಿ ತಿಳಿಯುವುದು. ಜೀರ್ಣವಾದ ಬಿಂಬಕ್ಕೆ ಕೈಯಿಡುವ ಮೊದಲು ಕಲಾಕರ್ಷಣವೆಂಬ ವಿಧಿಯಿಂದ ದೇವರ ಸಾನ್ನಿಧ್ಯವನ್ನು ಕಲಶಕ್ಕೆ ಇಳಿಸುವರು. ಕೆಲಸ ಮುಗಿದಮೇಲೆ ಪುನಃ ಪ್ರತಿಷ್ಠೆ. ಏನೂ ಬದಲಾಗಿಲ್ಲವೆಂದು ನಮ್ಮ ಹಿರಿಯರು ನಟಿಸಲಿಲ್ಲ; ಬದಲಾವಣೆಯನ್ನು ಎಲ್ಲರೆದುರಿಗೆ ಒಪ್ಪಿಕೊಳ್ಳುವುದಕ್ಕೇ ಒಂದು ವಿಧಿಯನ್ನು ಮಾಡಿದರು. ಪ್ರಾಚ್ಯವಸ್ತು ಇಲಾಖೆಯ ಮಾರ್ಗವೂ ಇದಕ್ಕೆ ದೂರವಲ್ಲ. ಸರ್ ಜಾನ್ ಮಾರ್ಷಲ್ಲರು 1923ರಲ್ಲಿ ಪ್ರಕಟಿಸಿದ ಸಂರಕ್ಷಣೆಯ ಕೈಪಿಡಿಯು, ನಶಿಸಿದ ಹಳೆಯ ಕೆತ್ತನೆಯ ಜಾಗದಲ್ಲಿ ಅದನ್ನೇ ಅನುಕರಿಸಿ ಹೊಸ ಕೆತ್ತನೆ ಮಾಡುವುದನ್ನು ಒಪ್ಪುವುದಿಲ್ಲ. ತರೀಕೆರೆಗೆ ಹತ್ತಿರದ ಅಮೃತಾಪುರದಲ್ಲಿ 1196ರ ಹೊಯ್ಸಳ ದೇವಾಲಯವಿದೆಯಷ್ಟೆ; ಅದರ ಗೋಡೆಯಲ್ಲಿ ಯಾರಾದರೂ ಸಿಮೆಂಟಿನ ಮೂರ್ತಿಯೊಂದನ್ನು ಕೂರಿಸಿ, ಇದೂ ವೀರಬಲ್ಲಾಳನ ಕಾಲದ್ದೇ ಎಂದರೆ ನಾವು ಸಹಿಸಿಕೊಂಡೇವೇ?

ನಮ್ಮ ಮೇಸ್ತ್ರಿ ಗಾಡಿಯ ಕೆಳಕ್ಕೆ ನುಸುಳಿದವನು ಬಹಳ ಹೊತ್ತು ಗೊಣಗುತ್ತಿದ್ದನು. ಎಂಜಿನ್ನಿನ ಬೋಲ್ಟುಗಳ ತಲೆಗೆ ಇಂಗ್ಲಿಷ್ ಅಳತೆಯ ಸ್ಪ್ಯಾನರು ಕೂರುವುದು. ಅದರ ಮರೆಯಾದರೋ ಫ್ರೆಂಚರ ಮೆಟ್ರಿಕ್ ಅಳತೆಯದು! ಇದಕ್ಕೆ ಕಾರಣವುಂಟು. ಮಾರಿಸ್ ಕಂಪೆನಿಯು ಕಾವೆಂಟ್ರಿ ಪಟ್ಟಣದಲ್ಲಿ ಕೊಂಡುಕೊಂಡ ಎಂಜಿನ್ ಕಾರ್ಖಾನೆಯು ಮೊದಲು ಹಾಚ್‌ಕಿಸ್ ಎಂಬ ಫ್ರೆಂಚ್ ಸಂಸ್ಥೆಯದು. ಯಂತ್ರಗಳೆಲ್ಲ ಮೆಟ್ರಿಕ್ ಮರೆಗೆ ಹೊಂದಿಸಿದುವು. ಯಂತ್ರಗಳನ್ನು ಬದಲಾಯಿಸುವ ಬದಲು, ಇಂಗ್ಲಿಷ್ ಕೂಲಿಗಾರರ ಸ್ಪ್ಯಾನರಿಗೆ ಒಗ್ಗುವಂತೆ ತಲೆಯನ್ನು ಮಾತ್ರ ಬದಲಾಯಿಸಿದರು. ಇದನ್ನರಿಯದ ರಿಪೇರಿಯವರು ಸಿಕ್ಕಿದ ಬೋಲ್ಟನ್ನು ತುರುಕಿ ಮರೆಯನ್ನು ಕೆಡಿಸುವುದುಂಟಂತೆ. ಇಲ್ಲಿ ಒಂದೂ ಕೆಟ್ಟಿರಲಿಲ್ಲ. “ಮಾಡಿದವರು ಗೊತ್ತಿದ್ದವರು” ಎಂದನು ಮೇಸ್ತ್ರಿ. ಬಾಗಿಲನ್ನು ತಟ್ಟಿ ನೋಡಿ, “ಒಳಗಿನ ಮರ ಮಾತ್ರ ನಮ್ಮೂರದು” ಎಂದೂ ಹೇಳಿದನು. ಈ ಗಾಡಿಯ ಮೈಯೊಳಗೆ ಮರದ ಚೌಕಟ್ಟಿರುವುದು. ಅದರ ಮೇಲೆ ಉಕ್ಕಿನ ತಗಡು. ಇಂಗ್ಲೆಂಡಿನಲ್ಲಿ ಅದಕ್ಕೆ ಆಶ್ ಎಂಬ ಮರವನ್ನು ಹಾಕುತ್ತಿದ್ದರು.

ನನ್ನ ಪಾಲಿಗೆ ಬಂದುದು ಅಕ್ಷರಗಳು. ನೋಂದಣಿ ಪುಸ್ತಕವನ್ನು ಕೈಯಲ್ಲಿ ಹಿಡಿದು, ಟಾರ್ಚಿನ ಬೆಳಕಿನಲ್ಲಿ ಎಂಜಿನ್ನಿನ ಮೇಲಿನ ಫಲಕವನ್ನು ಓದಿದೆನು. ಪುಸ್ತಕದಲ್ಲಿ ಎಕ್ಸ್, ಪಿ, ಎ, ಜಿ ಎಂಬ ನಾಲ್ಕು ಅಕ್ಷರಗಳೂ ಒಂದು ಸಂಖ್ಯೆಯೂ ಇದ್ದುವು. ಫಲಕದಲ್ಲಿ ಆ ನಾಲ್ಕರ ತರುವಾಯ ಎಸ್, ಸಿ ಎಂಬ ಇನ್ನೆರಡು ಅಕ್ಷರಗಳು, ಸಂಖ್ಯೆಯೂ ಬೇರೆ. ಎರಡು ಸಲ ಓದಿದೆನು. ಶಿಷ್ಯನ ಮುಖ ಸಣ್ಣದಾಯಿತು. ನಾನು ಆ ತಾಯಿಯನ್ನು ನೋಡಿ, “ಅಮ್ಮಾ, ಇದು ದೊರೆಯ ಕಾಲದ ಎಂಜಿನ್ನು ಅಲ್ಲವೆಂದು ತೋರುತ್ತದೆ” ಎಂದೆನು.

ಅವರು ಒಂದು ಕ್ಷಣ ಸುಮ್ಮನಿದ್ದು ಒಳಕ್ಕೆ ಹೋದರು. ಬರುವಾಗ ಕೈಯಲ್ಲಿ ಕೆಂಪು ಬಟ್ಟೆಯ ರಟ್ಟಿನ ಒಂದು ಲೆಕ್ಕದ ಪುಸ್ತಕವಿದ್ದಿತು. “ಇದನ್ನು ತೋರಿಸಬೇಡಿ, ಬೆಲೆ ಇಳಿಯುತ್ತದೆ ಎಂದಿದ್ದರು ದಲ್ಲಾಳಿ. ಯಜಮಾನರು ಬರೆದದ್ದನ್ನು ಬಚ್ಚಿಡುವುದು ನನಗೆ ಸರಿತೋರಲಿಲ್ಲ. ಓದಿ” ಎಂದು ನನ್ನ ಕೈಗೆ ಕೊಟ್ಟರು.

ಹದಿಮೂರು ವರ್ಷದ ದಿನಚರಿ ಅದು. ಯಾವ ದಿನ ಯಾವ ಭಾಗವನ್ನು ಬಿಚ್ಚಿದುದು, ಯಾವುದನ್ನು ತೊಳೆದು ಹಾಗೆಯೇ ಇಟ್ಟುದು, ಯಾವುದು ಹೊಸದು, ಅದಕ್ಕೆ ತೆತ್ತ ಹಣವೆಷ್ಟು, ಕೆಲಸ ಮಾಡಿದ ಕೈ ಯಾರದು, ಎಲ್ಲವೂ ದುಂಡನೆಯ ಅಕ್ಷರದಲ್ಲಿದ್ದಿತು. “ಎಡ ಬಾಗಿಲಿನ ಕಂಬ: ಹೊನ್ನೆ ಮರ. ಬಲದ್ದು: ಮೂಲದ್ದೇ, ಹುಳು ಹಿಡಿದಿಲ್ಲ.” 2009ರ ಪುಟದಲ್ಲಿ ಹೀಗಿದ್ದಿತು: ಹಳೆಯ ಎಂಜಿನ್ನು ಸೀಳಿಹೋಗಿದೆ, ಬೆಸುಗೆ ನಿಲ್ಲದು, ಮುಂಬಯಿಯ ಹಳೆಯ ಸಾಮಾನಿನವನಲ್ಲಿ ಎಂ.ಜಿ.ಯವರದೇ ವೈ ಮಾದರಿಯ ಮನೆಬಳಕೆಯ ಗಾಡಿಯ ಎಂಜಿನ್ನು ಸಿಕ್ಕಿತು. ಅದೂ 1250 ಸಿ.ಸಿ.ಯದೇ, ಎಸ್‌ಸಿ ಎಂದರೆ ಒಂದೇ ಕಾರ್ಬ್ಯುರೇಟರಿನದೆಂದು ಅರ್ಥ, ನಮ್ಮದರ ಎರಡು ಕಾರ್ಬ್ಯುರೇಟರುಗಳನ್ನು ಇದಕ್ಕೆ ಕೂರಿಸಿದ್ದೇನೆ, ಸೀಳಿದುದನ್ನು ಎಸೆಯಬಾರದು. ಸೀಳಿದ ಎಂಜಿನ್ನು ಕೊಟ್ಟಿಗೆಯ ಮೂಲೆಯಲ್ಲಿ ಗೋಣಿತಾಟಿನ ಕೆಳಗೆ ಇದ್ದೇ ಇದ್ದಿತು. ಪುಸ್ತಕದ ಸಂಖ್ಯೆ ಅದರದೇ.

ಇನ್ನು ಕಾನೂನಿನ ಮಾತು. ನಮ್ಮ ಧರ್ಮಶಾಸ್ತ್ರದ ಹದಿನೆಂಟು ವ್ಯವಹಾರಪದಗಳಲ್ಲಿ ಅಸ್ವಾಮಿವಿಕ್ರಯವೆಂಬುದೊಂದು, ಒಡೆಯನಲ್ಲದವನು ಮಾರುವುದು. ಆ ನೋಂದಣಿ ಪುಸ್ತಕವು ಇನ್ನೂ ತೀರಿಹೋದ ಯಜಮಾನರ ಹೆಸರಿನಲ್ಲಿಯೇ ಇದ್ದಿತು. ತಾಯಿಗೂ ಇಬ್ಬರು ಮಕ್ಕಳಿಗೂ ಹಕ್ಕಿರುವ ಸ್ವತ್ತನ್ನು ಒಬ್ಬರ ಮಾತಿನ ಮೇಲೆ ಕೊಂಡರೆ ಮುಂದೆ ಮೂವರೂ ತಪ್ಪಿತಸ್ಥರಾಗುವರು, ಕೊಂಡವನೂ ಕೆಡುವನು. ಇದು ಎಂ.ಜಿ. ಗಾಡಿಗೆ ಮಾತ್ರ ಸಂಬಂಧಿಸಿದ ಮಾತಲ್ಲ. ತೀರಿಕೊಂಡ ತಂದೆಯ ಹೆಸರಿನಲ್ಲಿಯೇ ಸ್ಕೂಟರನ್ನು ವರ್ಷಗಟ್ಟಲೆ ಓಡಿಸುವವರು ನಮ್ಮ ಬೀದಿಯಲ್ಲಿಯೇ ಇದ್ದಾರೆ. ಒಡೆಯನು ತೀರಿಕೊಂಡ 30 ದಿನಗಳೊಳಗೆ ಸಾರಿಗೆ ಕಛೇರಿಗೆ ತಿಳಿಸಿ, ಮೂರು ತಿಂಗಳೊಳಗೆ 31ನೆಯ ನಮೂನೆಯಲ್ಲಿ ವಾರಸುದಾರರ ಹೆಸರಿಗೆ ಬದಲಾವಣೆಯನ್ನು ಕೇಳತಕ್ಕದ್ದು. 2021ರಿಂದ ನೋಂದಣಿಯಲ್ಲಿಯೇ ನಾಮನಿರ್ದೇಶನ ಮಾಡುವುದಕ್ಕೂ ಅವಕಾಶವಿದೆ. ಮನೆಯ ಯಜಮಾನರು ಅದನ್ನು ಮಾಡಿಟ್ಟರೆ ಹೆಂಗಸರ ಅಲೆದಾಟ ತಪ್ಪುವುದು.

ಹಳೆಯ ಗಾಡಿಗಳಿಗೆಂದೇ 2021ರ ಜುಲೈಯಲ್ಲಿ ಕೇಂದ್ರ ಸರ್ಕಾರವು ಪ್ರತ್ಯೇಕ ನಿಯಮಗಳನ್ನು ಮಾಡಿದೆ. ಮೊದಲು ನೋಂದಣಿಯಾಗಿ 50 ವರ್ಷ ಮೀರಿದ ಎರಡು ಮತ್ತು ನಾಲ್ಕು ಚಕ್ರದ ಗಾಡಿಗಳಿಗೆ ವಿಂಟೇಜ್ ಎಂಬ ನೋಂದಣಿ ದೊರೆಯುವುದು. ಸಂಖ್ಯೆಯಲ್ಲಿ ರಾಜ್ಯದ ಅಕ್ಷರಗಳಾದಮೇಲೆ ವಿ, ಎ ಎಂದು ಬರುವುದು. ಹೊಸ ನೋಂದಣಿಗೆ 20,000 ರೂಪಾಯಿ, 10 ವರ್ಷದ ಅವಧಿ, ಮರುನೋಂದಣಿಗೆ 5,000. ಅರ್ಜಿ ಕೊಟ್ಟ 60 ದಿನಗಳೊಳಗೆ ಪತ್ರ ಕೊಡಬೇಕೆಂದಿದೆ. ಆದರೆ ಇಂಥ ಗಾಡಿಯನ್ನು ನಿತ್ಯದ ತಿರುಗಾಟಕ್ಕಾಗಲಿ ಬಾಡಿಗೆಗಾಗಲಿ ಬಳಸುವಂತಿಲ್ಲ. ಪ್ರದರ್ಶನ, ಮೆರವಣಿಗೆ, ರಿಪೇರಿ, ಪೆಟ್ರೋಲು, ಇಷ್ಟಕ್ಕೆ ಮಾತ್ರ ರಸ್ತೆಗೆ ಇಳಿಸಬಹುದು. ಮಾರುವುದಕ್ಕೆ ಅಡ್ಡಿಯಿಲ್ಲ, ಕೊಂಡವರೂ ಕೊಟ್ಟವರೂ ಕಛೇರಿಗೆ ತಿಳಿಸಬೇಕು. ಇದೆಲ್ಲಕ್ಕಿಂತ ಮುಖ್ಯವಾದ ಷರತ್ತೊಂದಿದೆ: ಗಾಡಿಯು ಮೂಲರೂಪದಲ್ಲಿರಬೇಕು, ಚಾಸಿಯಲ್ಲಾಗಲಿ ಮೈಯಲ್ಲಾಗಲಿ ಎಂಜಿನ್ನಿನಲ್ಲಾಗಲಿ ಗಣನೀಯ ಮಾರ್ಪಾಡಾಗಿರಕೂಡದು. ಒಂದೇ ಕಾರ್ಖಾನೆಯ ಒಂದೇ ಅಳತೆಯ ಎಂಜಿನ್ನನ್ನು ಕೂರಿಸಿದುದು ಮಾರ್ಪಾಡಾಗುವುದೋ ಇಲ್ಲವೋ ಎಂಬುದು ಕಛೇರಿಯವರು ತೀರ್ಮಾನಿಸತಕ್ಕ ವಿಷಯ. ಆ ತೀರ್ಮಾನಕ್ಕೆ ಮುಂಚೆ ಪೂರ್ತಿ ಹಣವನ್ನು ತೆರುವವನು ಮೂರ್ಖ. ಎಂಜಿನ್ನಿನ ಬದಲಾವಣೆಯನ್ನು ಮರೆಮಾಚಿ ಅರ್ಜಿ ಕೊಡುವವನು ಮೂರ್ಖನಿಗಿಂತಲೂ ಕಡೆ.

ಹಿಂತಿರುಗುವಾಗ ಶಿಷ್ಯನು, “ಹಾಗಾದರೆ ಬಿಡಬೇಕೇ, ಮೇಷ್ಟ್ರೇ?” ಎಂದನು. ನನಗೆ ಕ್ರೀತಾನುಶಯ ಪ್ರಕರಣವು ನೆನಪಾಯಿತು. ಕೊಂಡವನಿಗೆ ಪಶ್ಚಾತ್ತಾಪವಾಗಬಹುದೆಂದು ಯಾಜ್ಞವಲ್ಕ್ಯನು ಒಂದೊಂದು ವಸ್ತುವಿನ ಪರೀಕ್ಷೆಗೂ ಅವಧಿಯನ್ನು ಹೇಳಿದ್ದಾನೆ: ಬೀಜಕ್ಕೆ 10 ದಿನ, ಕಬ್ಬಿಣಕ್ಕೆ 1, ಹೊರೆ ಎಳೆಯುವ ಪಶುಗಳಿಗೆ 5, ರತ್ನಕ್ಕೆ 7, ಕರೆಯುವ ಹಸುವಿಗೆ 3. ಇದಕ್ಕೆ ಮಿತಾಕ್ಷರಾ ಎಂಬ ವ್ಯಾಖ್ಯಾನವನ್ನು ಬರೆದ ವಿಜ್ಞಾನೇಶ್ವರನು ನಮ್ಮ ಕಲ್ಯಾಣದಲ್ಲಿದ್ದವನು. ಮೋಟಾರು ಯಾವ ವರ್ಗಕ್ಕೆ ಸೇರುವುದು? ಕಬ್ಬಿಣವೆಂದರೆ ಒಂದೇ ದಿನ. 30 ಲಕ್ಷದ ಬೆಲೆಯನ್ನು ನೋಡಿದರೆ ರತ್ನ. ನಾನು ಎತ್ತಿನ ಪಕ್ಷವನ್ನು ಹಿಡಿದೆನು. “ಐದು ದಿನ ಯಾರಿಗೂ ಮಾತು ಕೊಡಬೇಡ. ಸಾಲದ ಕಾಗದಕ್ಕೆ ರುಜು ಹಾಕಬೇಡ. ಆ ಪುಸ್ತಕವನ್ನು ಮೊದಲಿನಿಂದ ಕೊನೆಯವರೆಗೆ ಓದು” ಎಂದೆನು.

ಅವನ ಲೆಕ್ಕಕ್ಕೆ ಬಾರದ ಖರ್ಚುಗಳನ್ನೂ ದಾರಿಯಲ್ಲಿ ಹೇಳಿದೆನು. ಟಿ.ಸಿ.ಯ ಬಿಡಿಭಾಗಗಳು ಇಂಗ್ಲೆಂಡಿನಲ್ಲಿ ಇಂದಿಗೂ ಹೊಸದಾಗಿ ತಯಾರಾಗುತ್ತವೆ. ಆದರೆ ಸಾಗಣೆಯೂ ಸುಂಕವೂ ಸೇರಿ ಬೆಲೆ ಕೈ ಸುಡುವುದು. ಪೆಟ್ರೋಲಿನ ತೊಂದರೆ ಬೇರೆ. 2000ನೆಯ ಫೆಬ್ರವರಿಯಿಂದ ಸೀಸ ಬೆರೆತ ಪೆಟ್ರೋಲು ನಮ್ಮ ದೇಶದಲ್ಲಿಲ್ಲ. ಹಳೆಯ ಎಂಜಿನ್ನುಗಳ ಕವಾಟದ ಪೀಠಗಳನ್ನು ಸವೆಯದಂತೆ ಕಾಪಾಡುತ್ತಿದ್ದುದು ಆ ಸೀಸವೇ. ಈಗ ಪೆಟ್ರೋಲಿನಲ್ಲಿ ನೂರಕ್ಕೆ 20 ಪಾಲು ಎಥನಾಲ್ ಬೆರೆಸುತ್ತಾರೆ. ಹಳೆಯ ರಬ್ಬರನ್ನು ಅದು ತಿನ್ನುವುದು, ನೀರನ್ನು ಹೀರುವುದು, ಗಾಡಿ ತಿಂಗಳುಗಟ್ಟಲೆ ನಿಂತರೆ ಟ್ಯಾಂಕಿಗೆ ತುಕ್ಕು ಹಿಡಿಸುವುದು.

ಆರನೆಯ ದಿನ ಗಂಡಹೆಂಡಿರಿಬ್ಬರೂ ಬಂದರು. ಆಗ ತಿಳಿದುಬಂದಿತು: ಮೂರನೆಯ ದಿನ ಆಕೆ ಗಂಡನಿಗೆ ಹೇಳದೆ ತರೀಕೆರೆಗೆ ಬಸ್ಸಿನಲ್ಲಿ ಹೋಗಿ, ಆ ಅಜ್ಜಿಯ ಅಡುಗೆಮನೆಯಲ್ಲಿ ಕುಳಿತು ಪುಸ್ತಕವನ್ನು ಓದಿ ಬಂದಿದ್ದಳು. ಗಂಡ ಓದಿದುದು ಅರ್ಧ, ಇವಳು ಪೂರ್ತಿ. “ಗಾಡಿ ಬೇಡವೆನ್ನುವುದಿಲ್ಲ, ಮೇಷ್ಟ್ರೇ. ಸುಳ್ಳು ಬರೆಯದವರ ಕೈಯ ಕೆಲಸ ಅದು. ತೋಟ ಅಡವಿಡುವುದು ಮಾತ್ರ ಬೇಡ” ಎಂದಳು. ಬೆಲೆಯ ಮಾತನ್ನೂ ಅವರಿಬ್ಬರು ಹೆಂಗಸರೇ ಮುಗಿಸಿದ್ದರು: 22 ಲಕ್ಷ. ಕೈಯಲ್ಲಿರುವ 14 ಲಕ್ಷವನ್ನು ವಾರಸುದಾರರ ಹೆಸರಿಗೆ ಪುಸ್ತಕವು ಬಂದ ದಿನ ಕೊಡುವುದು. ವಿಂಟೇಜ್ ನೋಂದಣಿಯಾದರೆ ಉಳಿದ 8, ಅರ್ಜಿ ತಿರಸ್ಕೃತವಾದರೆ 4 ಮಾತ್ರ. ಅದೂ ಎರಡು ಕೊಬ್ಬರಿಯ ಫಸಲಿನಲ್ಲಿ. ಸೀಳಿದ ಎಂಜಿನ್ನು ಗಾಡಿಯ ಜೊತೆಗೇ ಬರತಕ್ಕದ್ದು. ದಲ್ಲಾಳಿಗೆ ಕೋಪ ಬಂದಿತೆಂದು ಕೇಳಿದೆನು.

ಕೆನಡಾದ ಮಗನ ಒಪ್ಪಿಗೆಯ ಪತ್ರ ಬರುವುದಕ್ಕೆ ಪುಷ್ಯ ಕಳೆಯಿತು. ಮಾಘದ ಒಂದು ಬೆಳಗ್ಗೆ ಗಾಡಿಯನ್ನು ಲಾರಿಯ ಮೇಲೆ ಹತ್ತಿಸಿ ಕಡೂರಿಗೆ ಸಾಗಿಸಿದರು. ಎಂಜಿನ್ನಿನ ವಿಷಯವನ್ನು ಇದ್ದುದಿದ್ದಂತೆ ಬರೆದು ಅರ್ಜಿ ಹಾಕಿದೆ. ಉತ್ತರ ಇನ್ನೂ ಬಂದಿಲ್ಲ. ಲಾರಿ ಹೊರಡುವ ಮುಂಚೆ ಆ ತಾಯಿ ಕೆಂಪು ಪುಸ್ತಕವನ್ನು ತಂದು ಶಿಷ್ಯನ ಹೆಂಡತಿಯ ಕೈಯಲ್ಲಿಟ್ಟರು. ಜೆರಾಕ್ಸ್ ಮಾಡಿಸಿ ಮೂಲವನ್ನು ತಾವೇ ಇಟ್ಟುಕೊಳ್ಳಬಹುದೆಂದು ನಾನು ಹೇಳಿದುದಕ್ಕೆ, “ನನಗೆ ಜೆರಾಕ್ಸ್ ಸಾಕು, ಮೇಷ್ಟ್ರೇ. ಇದು ಗಾಡಿಯ ಹತ್ತಿರವೇ ಇರಬೇಕು” ಎಂದರು. ಕೊನೆಯಲ್ಲಿ ಐದಾರು ಹಾಳೆಗಳು ಖಾಲಿ ಇದ್ದುವು. ಮುಂದಿನದನ್ನು ಯಾರು ಬರೆಯಬೇಕೆಂದು ಶಿಷ್ಯನು ನನ್ನ ಮುಖವನ್ನು ನೋಡಿದನು. ನಾನು ಪೆನ್ನನ್ನು ಅವನ ಹೆಂಡತಿಗೆ ಕೊಟ್ಟೆನು. ಅವಳು ಲಾರಿಯ ಬಾನೆಟ್ಟಿನ ಮೇಲೆ ಪುಸ್ತಕವನ್ನಿಟ್ಟು, ತಾರೀಖನ್ನು ಬರೆದು, ಅದರ ಕೆಳಗೆ ಲಾರಿಯ ಬಾಡಿಗೆಯನ್ನು ಬರೆದಳು.